ಜುನಾ ಬಜಾರಿನ ಅರ್ಧ ಟಾರ್ಚ್: ಮುಚ್ಚಳ ಎಲ್ಲಿ ಸಿಗುತ್ತೆ?

ಪ್ರಶ್ನೆ, ಚಿಂಚವಡದಿಂದ:
ಭಾನುವಾರ ಪುಣೆಯ ಜುನಾ ಬಜಾರಿನಲ್ಲಿ ಎಂಬತ್ತು ರೂಪಾಯಿಗೆ ಒಂದು ಅಲ್ಯೂಮಿನಿಯಂ ಎಲ್‌ಇಡಿ ಟಾರ್ಚ್ ತಂದೆ. ತಲೆ, ಗಾಜು, ಕೊಳವೆ ಇವೆ. ಸ್ವಿಚ್ ಇರುವ ಹಿಂದಿನ ಮುಚ್ಚಳ ಇಲ್ಲ, ಸೆಲ್ ಹಾಕುವ ಜಾಗವೂ ಖಾಲಿ. ತಲೆಯ ಒಳಗಿನ ಸ್ಪ್ರಿಂಗಿಗೆ ಬಿಳಿ ಪುಡಿ ಹತ್ತಿದೆ. "ಕಸಕ್ಕೆ ದುಡ್ಡು ಕೊಟ್ಟು ಬಂದ್ರಾ?" ಅಂತ ಮನೆಯಾಕೆಯ ಮಂಗಳಾರತಿ ಆಯ್ತು. ಮುಚ್ಚಳ ಎಲ್ಲಿ ಸಿಗುತ್ತೆ ಸರ್?

ಉತ್ತರ, ರಿಪೇರಿಯವರು, ಬುಧವಾರ ಪೇಟೆ:
ಮುಚ್ಚಳ ಹುಡುಕ್ಕೋಂತ ಅಡ್ಡಾಡಬ್ಯಾಡ್ರಿ. ಒಂದು ಟಾರ್ಚಿನ ಥ್ರೆಡ್ ಇನ್ನೊಂದಕ್ಕ ಕೂಡೂದಂದ್ರ ಲಾಟರಿ ಹತ್ತಿಧಂಗ. ಮೊದಲ ತಲಿ ಜೀವಂತ ಅದನೋ ಇಲ್ಲೋ ನೋಡೋಣ.

ಆ ಬಿಳಿ ಪುಡಿ ಅದ ನೋಡ್ರಿ, ಅದು ಅಲ್ಕಲೈನ್ ಸೆಲ್ ಸೋರಿದ ಗುರುತು. ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಗ ಬಂದು ಗಾಳಿ ತಾಗಿ ಹಂಗ ಪುಡಿಗಟ್ತದ. ಅಂದ್ರ ನಿಮ್ಮದು ಹೆಚ್ಚಾಗಿ ಮೂರು ಎಎಎ ಸೆಲ್ ಕೂಡಿಸಿ ಹಿಡಿಯೋ ಪಂಜರ ಹಾಕೋ ಮಾಲು, 4.5 ವೋಲ್ಟ್. ಖಾತ್ರಿ ಬೇಕಂದ್ರ ಕೊಳವಿ ಒಳಗಿನ ಅಗಲ ಅಳೀರಿ. 22 ಮಿ.ಮೀ. ದಾಟಿದ್ರ ಪಂಜರದ್ದು. 19ರ ಆಸುಪಾಸು ಇದ್ರ 18650 ಲಿಥಿಯಂ ಸೆಲ್ಲಿಂದು. ಅದರ ಹೆಸರಿನ್ಯಾಗ ಅಳತಿ ಅದ, 18 ಅಗಲ, 65 ಉದ್ದ.

ಹತ್ತಿಕಡ್ಡಿಗೆ ವಿನೆಗರ್ ಹಚ್ಚಿ ಸ್ಪ್ರಿಂಗ್ ತಿಕ್ಕ್ರಿ, ಸಣ್ಣಗ ಬುರುಗು ಬರ್ತದ, ಅಂಜಬ್ಯಾಡ್ರಿ. ಆಮ್ಯಾಲೆ ಐಸೊಪ್ರೊಪೈಲ್ ಆಲ್ಕೋಹಾಲಿಂದ ಒರೆಸಿ ಒಣಗಸ್ರಿ.

ಇಲ್ಲೇ ಎಲೆಕ್ಟ್ರಾನಿಕ್ಸ್ ಅಂಗಡಿಗಳ ತಾಪಕೀರ್ ಗಲ್ಲಿಯೊಳಗ ಮೂರು ಎಎ ಸೆಲ್ ಹಿಡಿಯೋ, ಸ್ವಿಚ್ ಇರೋ ಪ್ಲಾಸ್ಟಿಕ್ ಡಬ್ಬಿ ಸಿಗ್ತದ. ಅದರ ಕೆಂಪು ವೈರ್ ಸ್ಪ್ರಿಂಗಿಗೆ, ಕಪ್ಪು ವೈರ್ ಕೊಳವಿಯ ಹಿಂದಿನ ಅಂಚಿಗೆ ಒತ್ತಿ ಹಿಡೀರಿ. ಅಂಚಂದ್ರ ಬಣ್ಣ ಇಲ್ಲದ, ಬೆಳ್ಳಗ ಹೊಳಿಯೋ ಉಂಗುರಾನ ಆಗಬೇಕು. ಮೈಮ್ಯಾಲಿನ ಕಪ್ಪು ಅನೊಡೈಸಿಂಗ್ ಪದರ ಕರೆಂಟ್ ಬಿಡೂದಿಲ್ಲ. ಕಳೆದ ತಿಂಗಳ ಒಬ್ಬರು ಆ ಕಪ್ಪು ಮೈಗೇ ವೈರ್ ಒತ್ತಿ ನೋಡಿ "ಸತ್ತದ" ಅಂತ ಹೇಳಿ ಟಾರ್ಚ್ ನನ್ನ ಕಡೆ ಬಿಟ್ಟು ಹೋದ್ರು. ಅದು ಈಗೂ ನನ್ನ ಟೇಬಲ್ಲಿನ ಮ್ಯಾಲ ಉರೀತದ.

ಹತ್ತಲಿಲ್ಲಂದ್ರ ತಲಿ ಬಿಚ್ಚಿ, ಡಬ್ಬಿಯ ವೈರ್ ಎಲ್‌ಇಡಿಗೆ ನೇರ ಕೊಡ್ರಿ, ಆದ್ರ ನಡುವ 10 ಓಮ್, ಅರ್ಧ ವ್ಯಾಟಿನ ರೆಸಿಸ್ಟರ್ ಇರ್ಲಿ. ಬಿಳಿ ಎಲ್‌ಇಡಿ ಸುಮಾರು 3 ವೋಲ್ಟ್ ತಿಂತದ, ಉಳಿದ 1.5 ವೋಲ್ಟಿಗೆ 150 ಮಿಲಿಆಂಪ್ ಹರೀತದ. ಆವಾಗ ಹತ್ತಿದ್ರ ಎಲ್‌ಇಡಿ ಚಲೋ ಅದ, ಕೆಟ್ಟದ್ದು ಡ್ರೈವರ್, ಅಂದ್ರ ಎಲ್‌ಇಡಿಗೆ ಕರೆಂಟ್ ಅಳತಿ ಮಾಡಿ ಬಿಡೋ ಸಣ್ಣ ಸರ್ಕ್ಯೂಟ್.

ಇನ್ನೊಬ್ಬರು, ಡೊಂಬಿವಲಿಯಿಂದ:
ನನ್ನ ಹತ್ತಿರ ಹಳೇ ಲ್ಯಾಪ್‌ಟಾಪ್ ಬ್ಯಾಟರಿಯ 18650 ಸೆಲ್‌ಗಳಿವೆ. ಫುಲ್ ಚಾರ್ಜಾದರೂ 4.2 ವೋಲ್ಟೇ, 4.5ಕ್ಕಿಂತ ಕಮ್ಮಿ. ಇಂಥ ಟಾರ್ಚಿಗೆ ಹಾಕಬಹುದಲ್ವಾ?

ರಿಪೇರಿಯವರು:
ವೋಲ್ಟ್ ಕಮ್ಮಿ ಖರೆ, ಆದ್ರ ಅಲ್ಲೇ ಮೋಸ. ಅಗ್ಗದ ಮೂರು ಸೆಲ್ಲಿನ ಟಾರ್ಚಿನ್ಯಾಗ ಎಷ್ಟೋ ಸಲ ಡ್ರೈವರ್ ಅಂತ ಇರೂದಿಲ್ಲ, ಇದ್ರೂ ಒಂದು ರೆಸಿಸ್ಟರ್ ಅಷ್ಟ. ಎಎಎ ಸೆಲ್ಲಿನ ಒಳಗಿನ ತಡೆನ ಕರೆಂಟಿಗೆ ಲಗಾಮು. ಲಿಥಿಯಂ ಸೆಲ್ಲಿಗೆ ಆ ತಡೆ ಭಾಳ ಕಮ್ಮಿ; ಸಿಕ್ಕಾಪಟ್ಟೆ ಕರೆಂಟ್ ನುಗ್ಗಿ ಎಲ್‌ಇಡಿ ಕಾದು ನೀಲಿಗಟ್ತದ. ಮ್ಯಾಲ ಲ್ಯಾಪ್‌ಟಾಪಿಂದ ಬಿಚ್ಚಿದ ಬಿಡಿ ಸೆಲ್ಲಿಗೆ ರಕ್ಷಣಾ ಸರ್ಕ್ಯೂಟೂ ಇರೂದಿಲ್ಲ. ತಗ್ಗು ಬಿದ್ದದ್ದು, 2 ವೋಲ್ಟಿಗಿಂತ ಕೆಳಗ ಇಳಿದದ್ದು ಇದ್ರ ಚಾರ್ಜಿಗೂ ಹಚ್ಚಬ್ಯಾಡ್ರಿ, ಇ-ತ್ಯಾಜ್ಯಕ್ಕ ಕೊಡ್ರಿ.

ಚಿಂಚವಡದವರು, ಮೂರು ದಿನದ ನಂತರ:
ಒಳಗಿನ ಅಗಲ 23 ಮಿ.ಮೀ. ಇತ್ತು, ಪಂಜರದ್ದೇ. ಮೊದಲು ನಾನೂ ಕಪ್ಪು ಮೈಗೇ ಒತ್ತಿದ್ದೆ, ಬಯ್ಯಬೇಡಿ. ಅಂಚಿಗೆ ಇಟ್ಟ ಕೂಡಲೇ ಹತ್ತಿತು. ಡಬ್ಬಿಯನ್ನು ಇನ್ಸುಲೇಶನ್ ಟೇಪಿನಿಂದ ಕೊಳವೆಗೆ ಕಟ್ಟಿದ್ದೇನೆ, ನೋಡೋಕೆ ಅಸಹ್ಯ. ನಿನ್ನೆ ಕರೆಂಟ್ ಹೋದಾಗ ಮನೆಯಾಕೆ ಇದನ್ನೇ ಹಿಡಿದು ಮಂಚದ ಕೆಳಗೆ ಬಿದ್ದಿದ್ದ ಓಲೆಯ ತಿರುಪು ಹುಡುಕಿದರು. ಕಸದ ಮಾತು ಮತ್ತೆ ಬಂದಿಲ್ಲ.