ಅಪ್‌ಡೇಟ್: ಮೂಡಿಗೆರೆ ಮನೆಯ ಕಪ್ಪೆ ಗಲಾಟೆ

ಮಳೆ ಶುರುವಾದಾಗ ಕೇಳಿದ್ದೆ: ಮೂಡಿಗೆರೆ ಹತ್ತಿರ ನಮ್ಮ ಮನೆ, ಪಕ್ಕದಲ್ಲೇ ಗದ್ದೆ, ರಾತ್ರಿಯೆಲ್ಲ ಕಪ್ಪೆಗಳ ಕೂಗು, ಅತ್ತೆಗೆ ನಿದ್ದೆಯೇ ಇಲ್ಲ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಉಪ್ಪು, ಬ್ಲೀಚಿಂಗ್ ಪೌಡರ್ ಹಾಕಿ ಅಂದವರ ಮಾತು ಮಾತ್ರ ಕೇಳಲಿಲ್ಲ. ಕಪ್ಪೆ ಚರ್ಮದಿಂದಲೇ ನೀರು ಹೀರುತ್ತದೆ, ಉಸಿರೂ ಆಡುತ್ತದೆ. ಅದರ ಮೇಲೆ ಉಪ್ಪು ಎರಚುವುದು ಅಂದ್ರೆ ಹಿಂಸೆ, ಅಲ್ವಾ?

ನಿಜವಾಗಿ ಉಪಯೋಗಕ್ಕೆ ಬಂದದ್ದು ಲೈಟ್ ಆರಿಸುವ ಸಲಹೆ. ಅಂಗಳದ ಬಲ್ಬಿಗೆ ಹುಳ ಮುತ್ತುತ್ತಿದ್ದವು. ಅವನ್ನು ತಿನ್ನಲು ಕಪ್ಪೆಗಳು ಜಗುಲಿವರೆಗೂ ಬರುತ್ತಿದ್ದವು. ಈಗ ಊಟ ಆದಮೇಲೆ ಲೈಟ್ ಆಫ್. ಕಿಟಕಿ ಕೆಳಗೆ ಮಳೆನೀರು ತುಂಬುತ್ತಿದ್ದ ಹಳೇ ಡ್ರಮ್ಮನ್ನೂ ಬೋರಲು ಹಾಕಿದೆವು. ಹತ್ತಿರದ ಸದ್ದು ತುಂಬಾ ಕಡಿಮೆಯಾಗಿದೆ. ಗದ್ದೆಯದ್ದು ಹಾಗೇ ಇದೆ, ಇರಲಿ ಬಿಡಿ. ಅತ್ತೆಯ ಮಂಚವನ್ನು ರಸ್ತೆ ಕಡೆಯ ಕೋಣೆಗೆ ಹಾಕಿದ್ದೇವೆ, ಚೆನ್ನಾಗಿ ಮಲಗುತ್ತಾರೆ.

ಈ ನೆಪದಲ್ಲಿ ಓದಿದ್ದೂ ಜಾಸ್ತಿ ಆಯ್ತು. ಹೀಗೆ ಜೋರಾಗಿ ಕೂಗುವುದು ಗಂಡು ಕಪ್ಪೆ, ಗಂಟಲ ಚೀಲ ಉಬ್ಬಿಸಿ ಹೆಣ್ಣನ್ನು ಕರೆಯಲು. ಗದ್ದೆಯ ದೊಡ್ಡ ಗಂಡು ಕಪ್ಪೆ ಆ ಹೊತ್ತಿಗೆ ಹಳದಿ ಬಣ್ಣಕ್ಕೆ ತಿರುಗುತ್ತದೆ. ನನಗೆ ತುಂಬಾ ಹಿಡಿಸಿದ್ದು ಪಶ್ಚಿಮ ಘಟ್ಟದ ಪೊದೆಗಪ್ಪೆಗಳು. ಅವುಗಳಲ್ಲಿ ಹಲವು ನೀರಿಗೆ ಇಳಿಯದೆ ಎಲೆ ಮೇಲೇ ಮೊಟ್ಟೆ ಇಡುತ್ತವೆ. ಗೊದಮೊಟ್ಟೆ ಹಂತವೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಪುಟಾಣಿ ಕಪ್ಪೆ! ಹಾಗಾಗಿ ಹಿತ್ತಿಲ ಬೇಲಿ ಸವರುವ ಕೆಲಸವನ್ನು ಮಳೆ ಮುಗಿಯುವವರೆಗೆ ಮುಂದಕ್ಕೆ ಹಾಕಿದ್ದೇವೆ.