ಬೆಂಕಿ ಹಚ್ಚದ ಫೈರ್‌ಪ್ಲೇಸ್‌ಗೂ ಚಿಮ್ನಿ ಕ್ಯಾಪ್ ಬೇಕಾ? ಅಮೆರಿಕದ ಮನೆಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಎಡಿಸನ್, ನ್ಯೂ ಜೆರ್ಸಿ): ನಮಸ್ಕಾರ ಸರ್. ಇಟ್ಟಿಗೆ ಚಿಮ್ನಿ ಇರುವ ಹಳೇ ಮನೆ ತಗೊಂಡಿದ್ದೇವೆ. ಫೈರ್‌ಪ್ಲೇಸ್ ಹಚ್ಚುವುದೇ ಇಲ್ಲ. ನವರಾತ್ರಿಗೆ ಅದರ ಮುಂದೆ ಗೊಂಬೆ ಕೂರಿಸುತ್ತೇವೆ, ಅಷ್ಟೇ. ಆದರೆ ಮಳೆ ಬಂದ ಮೇಲೆ ಹಾಲ್ ತುಂಬ ಹಳೇ ಮಸಿಯ ವಾಸನೆ ಬರುತ್ತದೆ. ರೂಫ್ ನೋಡಲು ಬಂದವರು ಚಿಮ್ನಿಗೆ ಕ್ಯಾಪ್ (ಬಾಯಿಯ ಮೇಲೆ ಕೂರಿಸುವ ಮುಚ್ಚಳ) ಇಲ್ಲ, ಹಾಕಿಸಿ ಅಂದರು. ಬೆಂಕಿಯನ್ನೇ ಹಚ್ಚದವರಿಗೆ ಅದು ಬೇಕಾ, ಇಲ್ಲಾ ಸುಮ್ನೆ ಖರ್ಚಾ?

ಉತ್ತರ (ಚಿಮ್ನಿ ತಪಾಸಣೆ ಮಾಡುವವರು): ನಮಸ್ಕಾರ. ಬೇಕು. ಬೆಂಕಿ ಹಚ್ಚದವರಿಗೇ ಜಾಸ್ತಿ ಬೇಕು ಅಂತ ನಾನು ಹೇಳುತ್ತೇನೆ. ಹಚ್ಚುವವರು ಚಳಿಗಾಲಕ್ಕೆ ಮುಂಚೆ ಕ್ಲೀನ್ ಮಾಡಿಸುತ್ತಾರೆ, ಆಗ ಯಾರಾದರೂ ಮೇಲೆ ಹತ್ತಿ ನೋಡುತ್ತಾರೆ. ಹಚ್ಚದ ಚಿಮ್ನಿಯ ಕಡೆ ವರ್ಷಗಟ್ಟಲೆ ಯಾರೂ ತಲೆ ಎತ್ತುವುದಿಲ್ಲ. ಮಳೆ ಮಾತ್ರ ಪ್ರತಿ ಸಲ ಒಳಗೆ ಬೀಳುತ್ತಿರುತ್ತದೆ.

ವಾಸನೆ ಬರುವುದು ಹೀಗೆ. ಹಿಂದಿನವರು ಸುಟ್ಟ ಸೌದೆಯ ಮಸಿ, ಕ್ರಿಯೋಸೋಟ್ (ಹೊಗೆಯಿಂದ ಕಟ್ಟುವ ಡಾಂಬರಿನಂಥ ಜಿಡ್ಡು) ಒಳಗೋಡೆಗೆ ಅಂಟಿಕೊಂಡಿದೆ. ಅದು ಮಳೆಗೆ ನೆನೆಯುತ್ತದೆ. ಮನೆ ಪೂರ್ತಿ ಮುಚ್ಚಿಕೊಂಡು ನೀವು ಒಗ್ಗರಣೆಗೆ ಎಕ್ಸಾಸ್ಟ್ ಫ್ಯಾನ್ ಜೋರಾಗಿ ಹಾಕಿದರೆ, ಹೊರಗೆ ಹೋದಷ್ಟು ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು. ಚಿಮ್ನಿಯ ಡ್ಯಾಂಪರ್, ಅಂದರೆ ಒಳಗೆ ತೆರೆದು ಮುಚ್ಚುವ ಲೋಹದ ತಟ್ಟೆ, ಗಾಳಿಯಾಡದಂತೆ ಮುಚ್ಚುವುದು ಅಪರೂಪ. ಹಾಗಾಗಿ ಆ ಗಾಳಿ ಅಲ್ಲಿಂದಲೇ ಇಳಿಯುತ್ತದೆ, ವಾಸನೆಯನ್ನೂ ತರುತ್ತದೆ. ಕ್ಯಾಪ್ ಹಾಕಿಸುವ ಮುಂಚೆ ಒಮ್ಮೆ ಒಳಗೆಲ್ಲ ಬ್ರಷ್ ಮಾಡಿಸಿ. ಬರೀ ಕ್ಯಾಪ್‌ನಿಂದ ಹಳೇ ಮಸಿ ಹೋಗುವುದಿಲ್ಲ.

ವಾಸನೆಗಿಂತ ದೊಡ್ಡ ತೊಂದರೆ ಚಳಿಗಾಲದ್ದು. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ನಿಮ್ಮ ಕಡೆ ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುವುದು ಮಾಮೂಲಿ. ಇಟ್ಟಿಗೆಯೊಳಗೆ, ಗಾರೆಯ ಸಂದಿಯೊಳಗೆ ಸೇರಿದ ನೀರು ಹೀಗೆ ಹಿಗ್ಗಿ ಹಿಗ್ಗಿ ಇಟ್ಟಿಗೆಯ ಮುಖವೇ ಪದರ ಪದರವಾಗಿ ಕಳಚುತ್ತದೆ. ಒಳಗಿನ ಮಣ್ಣಿನ ಟೈಲ್‌ಗಳ ಕೀಲು ಬಿಡುತ್ತದೆ, ಡ್ಯಾಂಪರ್ ತುಕ್ಕು ಹಿಡಿಯುತ್ತದೆ. ಚಿಮ್ನಿಯ ಮೇಲ್ಭಾಗ ಬಿಚ್ಚಿ ಕಟ್ಟಿಸುವ ಖರ್ಚಿನ ಮುಂದೆ ಕ್ಯಾಪ್ ಬೆಲೆ ಏನೂ ಅಲ್ಲ.

ಈಗ ನನಗೊಂದು ಉತ್ತರ ಬೇಕು. ಬೇಸ್‌ಮೆಂಟ್‌ಗೆ ಹೋಗಿ ನೋಡಿ. ಫರ್ನೇಸ್ (ಮನೆ ಬೆಚ್ಚಗಿಡುವ ಯಂತ್ರ) ಅಥವಾ ವಾಟರ್ ಹೀಟರ್‌ನ ಲೋಹದ ಪೈಪು ಅದೇ ಇಟ್ಟಿಗೆ ಗೋಡೆಯೊಳಗೆ ಹೋಗುತ್ತಿದೆಯಾ?

ಎಡಿಸನ್: ವಾಟರ್ ಹೀಟರ್‌ನದು ಹೋಗುತ್ತದೆ ಸರ್. ಫರ್ನೇಸ್ ಹೊಸದು, ಅದರದು ಬಿಳೀ ಪ್ಲಾಸ್ಟಿಕ್ ಪೈಪು, ಪಕ್ಕದ ಗೋಡೆಯಿಂದ ಹೊರಗೆ ಹೋಗಿದೆ.

ಉತ್ತರ: ಹಾಗಾದರೆ ನಿಮ್ಮ ಚಿಮ್ನಿ ದಿನವೂ ಕೆಲಸ ಮಾಡುತ್ತಿದೆ. ನೀವು ಸ್ನಾನಕ್ಕೆ ಬಿಸಿನೀರು ಬಿಟ್ಟಾಗಲೆಲ್ಲ ಗ್ಯಾಸ್ ಉರಿದ ಹೊಗೆ ಅಲ್ಲಿಂದಲೇ ಹೋಗಬೇಕು. ಒಂದೇ ಚಿಮ್ನಿಯೊಳಗೆ ಎರಡು ಫ್ಲೂ (ಹೊಗೆ ಹೋಗುವ ಕೊಳವೆ) ಇರುತ್ತದೆ, ಫೈರ್‌ಪ್ಲೇಸ್‌ಗೆ ಒಂದು, ಇದಕ್ಕೆ ಒಂದು. ತೆರೆದ ಬಾಯಿಯಿಂದ ಒಣಎಲೆ ಬಿದ್ದರೆ, ಅಳಿಲು ಗೂಡು ಕಟ್ಟಿದರೆ, ಮುರಿದ ಟೈಲ್ ಚೂರು ಅಡ್ಡ ನಿಂತರೆ ಆ ಹೊಗೆ ಬೇಸ್‌ಮೆಂಟಿಗೇ ವಾಪಸ್ ಬರುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ ಬಂದಾಗ ಜನ ಮಾಮೂಲಿ ಜ್ವರ ಅಂದುಕೊಂಡು ಮಲಗಿಬಿಡುತ್ತಾರೆ. ದಯವಿಟ್ಟು ಇವತ್ತೇ ಕಾರ್ಬನ್ ಮೊನಾಕ್ಸೈಡ್ ಅಲಾರಂ ಪರೀಕ್ಷೆ ಮಾಡಿ. ಪ್ರತಿ ಮಹಡಿಯಲ್ಲೂ ಒಂದು ಬೇಕು, ಮಲಗುವ ಕೋಣೆಗಳ ಹತ್ತಿರ ಇರಲೇಬೇಕು.

ಇನ್ನೊಂದು ವಿಷಯ. ಮೊದಲು ಫರ್ನೇಸ್, ಹೀಟರ್ ಎರಡೂ ಸೇರಿ ಆ ಫ್ಲೂವನ್ನು ಬಿಸಿಯಾಗಿಡುತ್ತಿದ್ದವು. ಈಗ ಹೀಟರ್ ಒಂದೇ ಉಳಿದಿದೆ, ಅದಕ್ಕೆ ಆ ಫ್ಲೂ ತೀರಾ ದೊಡ್ಡದಾಗಬಹುದು. ಹೊಗೆಯಲ್ಲಿರುವ ಆವಿ ದಾರಿಯಲ್ಲೇ ತಣಿದು ಹುಳಿ ನೀರಾಗಿ ಟೈಲನ್ನು ತಿನ್ನುತ್ತದೆ. ಒಳಗೆ ಸಣ್ಣ ಅಳತೆಯ ಲೋಹದ ಲೈನರ್ (ಒಳಪೈಪು) ಇಳಿಸಬೇಕಾಗಬಹುದು. ಅದರ ಮೇಲೆ ಗ್ಯಾಸ್‌ಗೆಂದೇ ತಯಾರಾದ ಕ್ಯಾಪ್ ಬರುತ್ತದೆ. ಕಟ್ಟಿಗೆ ಸುಡುವ ಫ್ಲೂವಿನ ಜಾಲರಿ ಕ್ಯಾಪನ್ನು ಅದಕ್ಕೆ ಹಾಕಿಸಬೇಡಿ.

ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 211ನೇ ಮಾನದಂಡದ ಪ್ರಕಾರ ಚಿಮ್ನಿಯನ್ನು ವರ್ಷಕ್ಕೊಮ್ಮೆ ನೋಡಿಸಬೇಕು. ಮನೆ ಕೈ ಬದಲಾದಾಗ ಲೆವೆಲ್ 2 ತಪಾಸಣೆ ಆಗಬೇಕು, ಅಂದರೆ ಫ್ಲೂ ಒಳಗೆ ಕ್ಯಾಮೆರಾ ಇಳಿಸಿ ನೋಡುವುದು. ಮನೆ ಕೊಳ್ಳುವಾಗಿನ ಮಾಮೂಲಿ ಇನ್‌ಸ್ಪೆಕ್ಷನ್‌ನಲ್ಲಿ ಇದನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಚಿಮ್ನಿ ಸೇಫ್ಟಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕಾದ ಸರ್ಟಿಫಿಕೇಟ್ ಇರುವವರನ್ನು ಕರೆಸಿ. ಎರಡೂ ಫ್ಲೂ ತೋರಿಸಿ ಅಂತ ಕೇಳಿ.

ಪ್ರಶ್ನೆ (ಎಲ್ ಡೊರಾಡೊ ಹಿಲ್ಸ್, ಕ್ಯಾಲಿಫೋರ್ನಿಯಾ): ಸರ್, ನಾವು ಕಟ್ಟಿಗೆ ಸುಡುತ್ತೇವೆ. ಹಕ್ಕಿ, ಇಲಿ ಬರದಂತೆ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಇನ್ನೂ ಒಳ್ಳೆಯದಲ್ವಾ?

ಉತ್ತರ: ಬೇಡ. ಕಣ್ಣು ಸಣ್ಣದಾದಷ್ಟೂ ಕ್ರಿಯೋಸೋಟ್ ಬೇಗ ಕಟ್ಟಿಕೊಳ್ಳುತ್ತದೆ, ಹೊಗೆ ಮನೆಯೊಳಗೆ ತಿರುಗುತ್ತದೆ. ದೊಡ್ಡದಾದರೆ ಕಿಡಿ ಹಾರುತ್ತದೆ. ಕಿಡಿ ತಡೆಯುವ ಜಾಲರಿಯ ಕಣ್ಣು 3/8ರಿಂದ 1/2 ಇಂಚಿನೊಳಗೆ ಇರಬೇಕು. ಹೊಗೆ ಹೋಗಲು ಕ್ಯಾಪ್‌ನಲ್ಲಿ ಒಟ್ಟು ಸಿಗುವ ಜಾಗ ಫ್ಲೂ ಬಾಯಿಯ ನಾಲ್ಕು ಪಟ್ಟಾದರೂ ಬೇಕು. ನೀವಿರುವುದು ಕಾಡ್ಗಿಚ್ಚಿನ ಸೀಮೆ. ಒಣಹುಲ್ಲಿನ ಮೇಲೆ ಒಂದು ಕಿಡಿ ಬಿದ್ದರೂ ಊರಿಗೇ ಅಪಾಯ.

ನಿಮ್ಮದು ಹೊರಗೆ ಮರದ ಹಲಗೆ ಹೊದಿಸಿ ಒಳಗೆ ಲೋಹದ ಪೈಪು ಇರುವ ಫ್ಯಾಕ್ಟರಿ ಚಿಮ್ನಿಯಾದರೆ, ಅದೇ ತಯಾರಕರು ಹೇಳಿದ ಕ್ಯಾಪ್ ಮಾತ್ರ ಹಾಕಿಸಿ. ಅಳತೆ ಕೂಡುತ್ತದೆ ಅಂತ ಬೇರೆಯದು ತರಬೇಡಿ. ಇಟ್ಟಿಗೆಯದಾದರೆ ಸ್ಟೇನ್‌ಲೆಸ್ ಸ್ಟೀಲ್ ತಗೊಳ್ಳಿ. ಸತು ಲೇಪದ ಅಗ್ಗದ ಕ್ಯಾಪ್ ಹೊಗೆಗೆ ಬೇಗ ತುಕ್ಕು ಹಿಡಿಯುತ್ತದೆ. ಸೌದೆ ಚೆನ್ನಾಗಿ ಒಣಗಿರಲಿ, ತೇವ 20 ಪರ್ಸೆಂಟಿಗಿಂತ ಕಡಿಮೆ ಇರಬೇಕು. ಹಸಿ ಸೌದೆ ಸುಟ್ಟರೆ ಎಂಥ ಜಾಲರಿಯೂ ಒಂದೇ ಚಳಿಗಾಲದಲ್ಲಿ ಕಟ್ಟಿಕೊಳ್ಳಬಹುದು. ಬೆಂಕಿ ಹಚ್ಚಿದಾಗ ಹೊಗೆ ಮೊದಲಿನಷ್ಟು ಎಳೆಯುತ್ತಿಲ್ಲ ಅನ್ನಿಸಿದರೆ ಮೊದಲ ಅನುಮಾನ ಜಾಲರಿಯ ಮೇಲಿರಲಿ.

ಪ್ರಶ್ನೆ (ಕೊಲಂಬಸ್, ಓಹಾಯೊ): ಅಣ್ಣ, ಜೂನ್‌ನಿಂದ ಚಿಮ್ನಿಯೊಳಗೆ ಚಿಲಿಪಿಲಿ ಕೇಳುತ್ತಿದೆ. ಈ ವಾರವೇ ಕ್ಯಾಪ್ ಹಾಕಿಸಲಾ?

ಉತ್ತರ: ದಯವಿಟ್ಟು ಈಗ ಬೇಡ ಅಕ್ಕ. ಅದು ಚಿಮ್ನಿ ಸ್ವಿಫ್ಟ್ ಅನ್ನುವ ಹಕ್ಕಿ ಇರಬೇಕು. ಅವು ಕೊಂಬೆಯ ಮೇಲೆ ಕೂರಲಾರವು, ಗೋಡೆಗೆ ಕಚ್ಚಿಕೊಂಡೇ ಇರುತ್ತವೆ. ಕಡ್ಡಿಗಳನ್ನು ಜೊಲ್ಲಿನಿಂದ ಅಂಟಿಸಿ ಒಳಗೋಡೆಗೆ ಗೂಡು ಕಟ್ಟುತ್ತವೆ. 1918ರ ವಲಸೆ ಹಕ್ಕಿಗಳ ಕಾಯ್ದೆ ಇವನ್ನು ಕಾಯುತ್ತದೆ. ಮೊಟ್ಟೆ ಮರಿ ಇರುವ ಗೂಡನ್ನು ತೆಗೆಯುವ ಹಾಗಿಲ್ಲ. ಮುಚ್ಚಿದರೆ ಮರಿಗಳು ಒಳಗೇ ಸಾಯುತ್ತವೆ. ಡ್ಯಾಂಪರ್ ಮುಚ್ಚಿಡಿ, ಬೆಂಕಿ ಹಚ್ಚಬೇಡಿ. ಶರತ್ಕಾಲದಲ್ಲಿ ಅವು ದಕ್ಷಿಣ ಅಮೆರಿಕಕ್ಕೆ ಹೊರಟುಹೋಗುತ್ತವೆ. ಆಮೇಲೆ ಕ್ಲೀನ್ ಮಾಡಿಸಿ ಕ್ಯಾಪ್ ಹಾಕಿಸಿ. ಈ ಹಕ್ಕಿಗಳ ಸಂಖ್ಯೆ ಇಳಿಯುತ್ತಿದೆ, ಅದಕ್ಕೇ ಒಂದು ಬೇಸಿಗೆ ಕಾಯಿರಿ ಅಂತ ಕೇಳಿಕೊಳ್ಳುತ್ತಿದ್ದೇನೆ. ಒಳಗೆ ನುಣುಪಾದ ಲೋಹದ ಪೈಪು ಇರುವ ಚಿಮ್ನಿಯಾದರೆ ಹಕ್ಕಿ ಬರುವ ಮುಂಚೆಯೇ ಕ್ಯಾಪ್ ಇರಬೇಕು. ಅಲ್ಲಿ ಅವಕ್ಕೆ ಹಿಡಿತ ಸಿಗದೆ ಕೆಳಗೆ ಬಿದ್ದು ಸಿಕ್ಕಿಕೊಳ್ಳುತ್ತವೆ.

ಚಿಲಿಪಿಲಿ ಅಲ್ಲ, ಭಾರದ ಓಡಾಟ, ಕುಂಯ್‌ಗುಡುವ ಸದ್ದು ಅಂದರೆ ಮರಿ ಹಾಕಿದ ರಕೂನ್ ಇರಬಹುದು. ಅದಕ್ಕೆ ವನ್ಯಜೀವಿ ಹಿಡಿಯುವವರನ್ನೇ ಕರೆಯಿರಿ.

ಎಡಿಸನ್: ಸರ್, ನೀವು ಹೇಳಿದಂತೆ ತಪಾಸಣೆ ಮಾಡಿಸಿದೆ. ಚಿಮ್ನಿ ಮೇಲಿನ ಕಾಂಕ್ರೀಟ್ ಹಾಸು ಬಿರುಕು ಬಿಟ್ಟಿದೆಯಂತೆ. ಕ್ಯಾಪ್ ಈಗ ಹಾಕಿಸಿ, ಅದನ್ನು ಮುಂದಿನ ವರ್ಷ ನೋಡೋಣ ಅಂತಿದ್ದೇನೆ.

ಉತ್ತರ: ಎರಡನ್ನೂ ಒಟ್ಟಿಗೆ ಮಾಡಿಸಿ. ಕ್ಯಾಪ್ ಮುಚ್ಚುವುದು ಫ್ಲೂ ಬಾಯಿಯನ್ನು ಮಾತ್ರ. ಹಾಸಿನ ಬಿರುಕಿನಿಂದ ನೀರು ಸೀದಾ ಇಟ್ಟಿಗೆಗೆ ಇಳಿಯುತ್ತಲೇ ಇರುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲಿ ಸಿಮೆಂಟು ಸರಿಯಾಗಿ ಗಟ್ಟಿಯಾಗುವುದಿಲ್ಲ, ಆದ್ದರಿಂದ ಚಳಿ ಶುರುವಾಗುವ ಮೊದಲೇ ದಿನ ಗೊತ್ತು ಮಾಡಿ. ಬಿರುಕು ಕೂದಲೆಳೆಯಷ್ಟೇ ಇದ್ದರೆ ಅದಕ್ಕೆಂದೇ ಬರುವ ಲೇಪ ಸಾಕು. ಅಗಲವಾಗಿದ್ದರೆ ಹಾಸನ್ನು ಹೊಸದಾಗಿ ಹಾಕಿಸಬೇಕು. ಕೆಲಸ ಮುಗಿದ ಮೇಲೆ ಮೇಲಿನಿಂದ ಫೋಟೋ ತೆಗೆಸಿಕೊಳ್ಳಿ, ನೀವೇ ಏಣಿ ಹತ್ತಬೇಡಿ. ಮುಂದೆ ಜೋರು ಗಾಳಿ ಬೀಸಿದಾಗಲೆಲ್ಲ ಅಂಗಳದಿಂದ ಬೈನಾಕ್ಯುಲರ್‌ನಲ್ಲಿ ನೋಡಿ, ಆ ಫೋಟೋ ಜೊತೆ ಹೋಲಿಸಿ. ಕ್ಯಾಪ್ ವಾಲಿದ್ದರೆ ಅವರನ್ನೇ ಮತ್ತೆ ಕರೆಯಿರಿ.