ಮೂಳೆ ಶಸ್ತ್ರಚಿಕಿತ್ಸೆಯ 3ಡಿ ಮುದ್ರಿತ ಗೈಡ್‌ಗಳು ನುಣುಪಾಗುವುದು ಹೇಗೆ?

ಪ್ರಶ್ನೆ (ಕಾರವಾರ):
ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಬೇಕಾಗುವ ಮೂಳೆಯ ಮಾದರಿಗಳನ್ನೂ ಡ್ರಿಲ್ ಗೈಡ್‌ಗಳನ್ನೂ (ಡ್ರಿಲ್ ಸರಿಯಾದ ಕೋನದಲ್ಲಿ ಇಳಿಯಲೆಂದು ಮೂಳೆಯ ಮೇಲೆ ಕೂರಿಸುವ ಅಚ್ಚು) ನಾವು ಪಿಎಲ್‌ಎ ಹಾಗೂ ನೈಲಾನ್ ಎಂಬ ಪ್ಲಾಸ್ಟಿಕ್‌ಗಳಲ್ಲಿ 3ಡಿ ಪ್ರಿಂಟರ್‌ನಿಂದ ಪದರ ಪದರವಾಗಿ ಮುದ್ರಿಸುತ್ತಿದ್ದೇವೆ. ಪದರಗಳ ಗೆರೆಗಳು ಉಗುರಿಗೆ ತಾಗುತ್ತವೆ. ಮಳೆಗಾಲದಲ್ಲಂತೂ ನೈಲಾನ್ ತರಿತರಿಯಾಗಿ, ಮೈತುಂಬ ನೂಲೆಳೆಗಳೊಂದಿಗೆ ಹೊರಬರುತ್ತದೆ. ಅಸಿಟೋನ್ ಆವಿ ಹಿಡಿದರೆ ಸರಿಹೋಗುವುದೇ?

ಉತ್ತರ (ಶಿರಸಿ):
ಅಸಿಟೋನ್ ಆವಿ ಎಬಿಎಸ್ ಎಂಬ ಬೇರೆ ಪ್ಲಾಸ್ಟಿಕ್‌ಗೆ ಒಗ್ಗುತ್ತದೆಯೇ ಹೊರತು ತಾವು ಹೇಳಿದ ಎರಡಕ್ಕೂ ಅಲ್ಲ. ಕರಾವಳಿಯ ತೇವವನ್ನು ನೈಲಾನ್ ಬಲುಬೇಗ ಹೀರುವುದರಿಂದ, ಆ ನೀರು ಪ್ರಿಂಟರ್‌ನ ಬಿಸಿ ನಾಝಲ್‌ನಲ್ಲಿ (ಕರಗಿದ ಪ್ಲಾಸ್ಟಿಕ್ ಹೊರಬರುವ ಮೂತಿ) ಆವಿಯಾಗಿ, ಚಟಪಟ ಸದ್ದಿನೊಂದಿಗೆ ಗುಳ್ಳೆಗಳನ್ನೆಬ್ಬಿಸುತ್ತದೆ. ಫಿಲಮೆಂಟನ್ನು (ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್ ಎಳೆ) 70–80 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿರಿ. ಪದರವನ್ನು 0.2ರಿಂದ 0.1 ಮಿ.ಮೀ.ಗೆ ಇಳಿಸಿದರೆ ಸಮಯ ಹೆಚ್ಚುಕಡಿಮೆ ದುಪ್ಪಟ್ಟಾದರೂ ಉಜ್ಜುವ ಶ್ರಮ ಬಹಳ ತಗ್ಗುತ್ತದೆ.

ಉತ್ತರ (ಕುಮಟಾ):
ಗೈಡ್ ಮೂಳೆಯ ಮೇಲೆ ಕೂರುವ ಒಳಮೈಯನ್ನು ಮಾತ್ರ ದಯವಿಟ್ಟು ಉಜ್ಜಬೇಡಿರಿ; ಅಲ್ಲಿ ಒಂದಿಷ್ಟು ಸವೆದರೂ ಡ್ರಿಲ್‌ನ ಕೋನ ತಪ್ಪಬಹುದು. ಹೊರಮೈಯನ್ನು 220ರಿಂದ 600 ಗ್ರಿಟ್‌ವರೆಗಿನ ವಾಟರ್ ಪೇಪರಿನಿಂದ (ನೀರಿನೊಂದಿಗೆ ಉಜ್ಜುವ ಮರಳು ಕಾಗದ) ಒದ್ದೆಯಾಗಿಯೇ ಉಜ್ಜಿ, ಗೆರೆಗಳಲ್ಲಿ ಪುಡಿ ಉಳಿಯದಂತೆ ಬ್ರಶ್ಶಿನಿಂದ ತೊಳೆಯಿರಿ, ಏಕೆಂದರೆ ಅದು ರೋಗಿಯ ಗಾಯಕ್ಕೆ ಸೇರಬಾರದು. ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆದುವಾಗುವುದರಿಂದ 121 ಡಿಗ್ರಿಯ ಆಟೋಕ್ಲೇವ್‌ಗೆ (ಬಿಸಿ ಹಬೆಯಿಂದ ಉಪಕರಣಗಳ ರೋಗಾಣು ಕೊಲ್ಲುವ ಯಂತ್ರ) ಸಲ್ಲದು. ಅದು ಅಭ್ಯಾಸದ ಮಾದರಿಗಷ್ಟೇ ಇರಲಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಸಪೋರ್ಟ್‌ಗಳ (ಮುದ್ರಿಸುವಾಗ ಕೆಳಗಿನಿಂದ ಆನಿಸುವ ತಾತ್ಕಾಲಿಕ ಆಸರೆ) ಗುರುತು ಬೀಳದಂತೆ ಇನ್ನು ಒಳಮೈಯನ್ನು ಮೇಲ್ಮುಖವಾಗಿರಿಸಿಯೇ ಮುದ್ರಿಸುತ್ತೇವೆ.